ಕುಂಭಾರಿಯ ಘರಕುಲಗಳು: ಬೀಡಿ ಕಟ್ಟುವ ಹೆಣ್ಣುಮಕ್ಕಳ ಮನೆಗಳಿಂದ ರೇ ನಗರದವರೆಗೆ

ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಹೋಗುವ ದಾರಿಯಲ್ಲಿ ಪಟ್ಟಣದ ಗದ್ದಲ ಮುಗಿದು ಹೊಲಗಳು ಸುರುವಾಗುವಲ್ಲಿ ಕುಂಭಾರಿ ಬರುತ್ತದೆ. ದಕ್ಷಿಣ ಸೊಲ್ಲಾಪುರ ತಾಲೂಕಿನ ಈ ಊರನ್ನು ಹೊರಗಿನವರು ಮೊದಲು ಗುರುತಿಸಿದ್ದು ಅಲ್ಲಿಯ ವೈದ್ಯಕೀಯ ಕಾಲೇಜಿನಿಂದ. ಈಗ ಅದಕ್ಕಿಂತ ದೊಡ್ಡ ಗುರುತು ಬಂದಿದೆ. ಅಸಂಘಟಿತ ಕಾರ್ಮಿಕರಿಗಾಗಿ ಸಹಕಾರಿ ಪದ್ಧತಿಯಲ್ಲಿ ಕಟ್ಟಿದ ಎರಡು ಭಾರಿ ವಸತಿಗಳು ಈ ಊರಿನ ಸೀಮೆಯಲ್ಲಿವೆ. ಒಂದು, 10,000 ಬೀಡಿ ಕಾರ್ಮಿಕ ಮಹಿಳೆಯರ ಗೋದೂತಾಯಿ ಪರುಳೇಕರ್ ಗೃಹಯೋಜನೆ. ಇನ್ನೊಂದು, 30,000 ಮನೆಗಳ ಗುರಿ ಇಟ್ಟುಕೊಂಡ ರೇ ನಗರ. ಅಕ್ಕಲಕೋಟೆ ಸ್ವಾಮಿ ಸಮರ್ಥರ ದರ್ಶನಕ್ಕೆ ಹೋಗುವ ನಮ್ಮವರು ಬಸ್ಸಿನ ಕಿಟಕಿಯಿಂದ ಇವನ್ನು ನೋಡಿ "ಇದು ಯಾವ ಹೊಸಾ ಊರು?" ಎಂದು ಕೇಳುವುದುಂಟು. ಆ ಪ್ರಶ್ನೆಗೆ ಉತ್ತರವಾಗಿ ಈ ಲೇಖನವನ್ನು ಕೊಡುತ್ತಿದ್ದೇವೆ.

ಮಿಲ್ಲಿನ ಚಾಳಿನಿಂದ

ಸೊಲ್ಲಾಪುರದಲ್ಲಿ ಕೂಲಿಕಾರರ ವಸತಿಯ ಕಥೆ ಬಟ್ಟೆ ಗಿರಣಿಗಳ ಜೊತೆಗೇ ಹುಟ್ಟಿತು. ಈಗಲೂ ಜನ 'ಜುನಿ ಮಿಲ್' ಎನ್ನುವ ಸೊಲ್ಲಾಪುರ ಸ್ಪಿನ್ನಿಂಗ್ ಅಂಡ್ ವೀವಿಂಗ್ ಮಿಲ್ 1877ರಲ್ಲಿ ಸುರುವಾಯಿತು. ಅದೇ ಹೊತ್ತಿಗೆ 1876-78ರ ಭೀಕರ ಬರಗಾಲ ಸೊಲ್ಲಾಪುರ, ವಿಜಾಪುರ, ಕಲಬುರ್ಗಿ ಸೀಮೆಯನ್ನು ಹಿಂಡಿತ್ತು. ಮಳೆ ಕೈಕೊಟ್ಟಾಗ ಹೊಲ ಬಿಟ್ಟು ಗಿರಣಿಗೆ ಬರುವುದು ಈ ಭಾಗದ ರೈತಾಪಿ ಜನರಿಗೆ ಆಗ ರೂಢಿಯಾಯಿತು. ಅಕ್ಕಲಕೋಟೆ, ಇಂಡಿ, ಅಫಜಲಪುರ, ಆಳಂದ ಕಡೆಯಿಂದ ಕನ್ನಡ ಮಾತಾಡುವವರು ಬಂದರು. ತೆಲಂಗಾಣದಿಂದ ಪದ್ಮಶಾಲಿ ನೇಕಾರರು ಬಂದು ಪಟ್ಟಣದ ಪೂರ್ವ ಭಾಗದ ಪೇಟೆಗಳಲ್ಲಿ ಮಗ್ಗ ಹೂಡಿದರು. ಆಮೇಲೆ ನರಸಿಂಗಗಿರಜಿ, ಲಕ್ಷ್ಮಿ, ವಿಷ್ಣು ಗಿರಣಿಗಳು ಬಂದವು. ಗಿರಣಿಯ ಸುತ್ತ ಚಾಳುಗಳು, ಚಾಳಿನ ಸುತ್ತ ತಗಡಿನ ಜೋಪಡಿಗಳು ಬೆಳೆದವು.

ಇದೇ ಊರಿನಲ್ಲಿ ಬ್ರಿಟಿಷರು 'ಅಪರಾಧಿ ಬುಡಕಟ್ಟು' ಎಂದು ಹಣೆಪಟ್ಟಿ ಹಚ್ಚಿದ ಜನರನ್ನು ಬೇಲಿಯೊಳಗಿನ ಸೆಟ್ಲಮೆಂಟಿನಲ್ಲಿ ಇಟ್ಟಿದ್ದರು. ಆ ಕಾಯ್ದೆ 1952ರಲ್ಲಿ ರದ್ದಾಯಿತಾದರೂ 'ಸೆಟ್ಲಮೆಂಟ್' ಎಂಬ ಹೆಸರು ಆ ಭಾಗಕ್ಕೆ ಇಂದಿಗೂ ಅಂಟಿಕೊಂಡಿದೆ. ಸೊಲ್ಲಾಪುರದಲ್ಲಿ 'ಮನೆ' ಎಂಬುದು ಯಾವಾಗಲೂ ಯಾರೋ ಹಾಕಿದ ಷರತ್ತಿನ ಮೇಲೆ ನಿಂತಿತ್ತು ಎಂಬುದಕ್ಕೆ ಇದನ್ನು ಹೇಳಿದೆವು. ಗಿರಣಿ ಇರುವತನಕ ಚಾಳು, ನಡತೆ ಒಪ್ಪಿಗೆಯಾದರೆ ಬೇಲಿಯ ಹೊರಗೆ.

ಜುನಿ ಮಿಲ್ 1964ರಲ್ಲಿ ಮುಚ್ಚಿತು. ಮಿಕ್ಕ ಗಿರಣಿಗಳೂ ಮುಂದಿನ ದಶಕಗಳಲ್ಲಿ ಒಂದೊಂದಾಗಿ ಬಾಗಿಲು ಹಾಕಿದವು. ಗಂಡಸರು ಪವರ್‌ಲೂಮಿಗೆ, ಹಮಾಲಿಗೆ, ರಿಕ್ಷಾಕ್ಕೆ ಹೋದರು. ಮನೆಯನ್ನು ನಡೆಸುವ ಗಟ್ಟಿ ಆದಾಯ ಹೆಣ್ಣುಮಕ್ಕಳ ಕೈಯೊಳಗಿನ ಬೀಡಿಯದಾಯಿತು. ಸೊಲ್ಲಾಪುರದ ಚಾದರ ಲೋಕಪ್ರಸಿದ್ಧ. ಅದರ ಪಕ್ಕದಲ್ಲಿಯೇ ನಡೆದ ಬೀಡಿಯ ಕಥೆ ಹಾಗೆ ಹೊರಗೆ ಹೋಗಲಿಲ್ಲ.

ಬೀಡಿ ಕಟ್ಟುವವಳಿಗೆ ಮನೆ ಎಂದರೆ

ಬೀಡಿ ಕೆಲಸದ ರೀತಿ ಗೊತ್ತಿಲ್ಲದವರಿಗೆ ಈ ಗೃಹಯೋಜನೆಯ ಮಹತ್ವ ತಿಳಿಯುವುದು ಕಷ್ಟ. ಕಾರ್ಮಿಕ ಮಹಿಳೆ ಕಾರಖಾನೆಯ ಶಾಖೆಯಿಂದ ತೂಕ ಮಾಡಿದ ತೆಂಡು ಎಲೆ, ತಂಬಾಕು, ದಾರ ತರುತ್ತಾಳೆ. ಎಲೆ ನೀರಲ್ಲಿ ನೆನೆಹಾಕಿ ಮೆತ್ತಗಾದ ಮೇಲೆ ತಗಡಿನ ಅಚ್ಚಿಟ್ಟು ಕತ್ತರಿಸುತ್ತಾಳೆ. ತಂಬಾಕು ತುಂಬಿ, ಸುತ್ತಿ, ತುದಿ ಮಡಚಿ, ದಾರ ಕಟ್ಟುತ್ತಾಳೆ. ಮರುದಿನ ಕಟ್ಟುಗಳನ್ನು ಶಾಖೆಗೆ ಒಯ್ದು ಎಣಿಸಿ ಕೊಡಬೇಕು. ಕೂಲಿ ಸಾವಿರ ಬೀಡಿಯ ಲೆಕ್ಕದಲ್ಲಿ. ಸಡಿಲಾದದ್ದು, ಎಲೆ ಹರಿದದ್ದು ಲೆಕ್ಕಕ್ಕಿಲ್ಲ. ಕೈ ಚುರುಕಿದ್ದವಳು ದಿನಕ್ಕೆ ಎಂಟುನೂರರಿಂದ ಸಾವಿರದವರೆಗೆ ಕಟ್ಟುತ್ತಾಳೆ, ಅದೂ ನಡುನಡುವೆ ಅಡಿಗೆ, ನೀರು, ಮಕ್ಕಳನ್ನು ನೋಡಿಕೊಂಡು.

ಅಂದರೆ ಇವಳ ಮನೆಯೇ ಇವಳ ಕಾರಖಾನೆ. ಹತ್ತು ಅಡಿ ಜೋಪಡಿಯಲ್ಲಿ ತಂಬಾಕಿನ ಪುಡಿ, ಒಲೆಯ ಹೊಗೆ, ತೊಟ್ಟಿಲ ಕೂಸು ಎಲ್ಲ ಒಂದೇ ಕಡೆ. ಮಳೆಗಾಲದಲ್ಲಿ ಛಾವಣಿ ಸೋರಿ ಎಲೆಗೆ ಬೂಸ್ಟು ಹಿಡಿದರೆ ಆ ದಿನದ ಕೂಲಿ ಹೋದಂತೆ. ಕೆಲಸದ ಜಾಗಕ್ಕೆ ಬೆಳಕು, ಗಾಳಿ ಬೇಕು ಎಂದು ಕಾಯ್ದೆ ಹೇಳುತ್ತದೆ, ಆದರೆ ಕೆಲಸದ ಜಾಗ ಅವಳ ಸ್ವಂತ ಗುಡಿಸಲೇ ಆದಾಗ ಅದನ್ನು ಯಾರು ಕೊಡಬೇಕು? ಮಾಲೀಕನಿಗೆ ಬಾಡಿಗೆ ಇಲ್ಲ, ಕರೆಂಟ್ ಬಿಲ್ಲಿಲ್ಲ. ಆ ಖರ್ಚೆಲ್ಲ ಅವಳ ತಲೆಯ ಮೇಲೆ. ಬೀಡಿ ಕಾರ್ಮಿಕ ಸಂಘಟನೆಗಳು ಕೂಲಿಯ ಜೊತೆಗೆ ಮನೆಯನ್ನೂ ಹಕ್ಕಾಗಿ ಕೇಳಿದ್ದರ ಹಿಂದೆ ಈ ಲೆಕ್ಕವಿದೆ.

ಎರಡು ಕಾಯ್ದೆಗಳು ಈ ಬೇಡಿಕೆಗೆ ಬುನಾದಿಯಾದವು. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಮನೆಯಲ್ಲಿ ಕೂತು ಕಟ್ಟುವವಳನ್ನೂ ಕಾರ್ಮಿಕಳೆಂದು ಒಪ್ಪಿತು. 1976ರ ಬೀಡಿ ಕಾರ್ಮಿಕರ ಕಲ್ಯಾಣ ನಿಧಿ ಕಾಯ್ದೆಯಿಂದ ಆಸ್ಪತ್ರೆ, ಮಕ್ಕಳ ವಿದ್ಯಾರ್ಥಿವೇತನ, ಮನೆ ಸಹಾಯಧನಗಳಿಗೆ ದಾರಿಯಾಯಿತು. ಗುರುತಿನ ಚೀಟಿ ಮತ್ತು ಪಿಎಫ್ ಖಾತೆ ಇದ್ದವಳು 'ನಾನು ಬೀಡಿ ಕಾರ್ಮಿಕಳು' ಎಂದು ಕಾಗದದ ಮೇಲೆ ತೋರಿಸಬಲ್ಲವಳಾದಳು. ಈ ಕಾಗದ ಇಲ್ಲದಿದ್ದರೆ ಮುಂದಿನ ಯಾವುದೂ ಆಗುತ್ತಿರಲಿಲ್ಲ. ನಮ್ಮ ಗಡಿಭಾಗದ ಎಷ್ಟೋ ಹೊಲಗೂಲಿ ಹೆಣ್ಣುಮಕ್ಕಳಿಗೆ ಇಂಥ ಒಂದು ಚೀಟಿಯೂ ಇಲ್ಲ, ಅದನ್ನೂ ಇಲ್ಲಿ ನೆನೆಯಬೇಕು.

ಗೋದೂತಾಯಿ ಪರುಳೇಕರ್ ವಸತಿ

ಈ ಹೋರಾಟದ ಮುಂದಾಳು ನರಸಯ್ಯ ಆಡಂ. ಸೊಲ್ಲಾಪುರದಲ್ಲಿ 'ಆಡಂ ಮಾಸ್ತರ' ಎಂದರೆ ಗೊತ್ತಿಲ್ಲದವರಿಲ್ಲ. ತೆಲುಗು ನೇಕಾರ ಸಮುದಾಯದಿಂದ ಬಂದ ಇವರು ಸಿಐಟಿಯು ಸಂಘಟಕರು, ಮಾರ್ಕ್ಸ್‌ವಾದಿ ಕಮ್ಯುನಿಸ್ಟ್ ಪಕ್ಷದಿಂದ ಮೂರು ಸಲ ಶಾಸಕರಾದವರು. ವರ್ಷಗಟ್ಟಲೆ ಮೋರ್ಚಾ, ಧರಣಿ, ದಿಲ್ಲಿ-ಮುಂಬೈ ಓಡಾಟದ ನಂತರ ಮಂಜೂರಾದ ಯೋಜನೆಯ ಹಣದ ಹಂಚಿಕೆ ಬಹಳ ಸರಳವಾಗಿತ್ತು. ಮನೆಯೊಂದಕ್ಕೆ 60,000 ರೂಪಾಯಿ. ಕೇಂದ್ರದ್ದು 20,000, ರಾಜ್ಯದ್ದು 20,000, ಕಾರ್ಮಿಕಳದ್ದು 20,000. ಹತ್ತು ಸಾವಿರ ಹೆಣ್ಣುಮಕ್ಕಳು ತಲಾ 20,000 ಕೂಡಿಸಿದರೆಂದರೆ ಇಪ್ಪತ್ತು ಕೋಟಿ ರೂಪಾಯಿ. ಬೀಡಿ ಸುತ್ತಿದ ಬೆರಳುಗಳಿಂದ ಎದ್ದ ಇಪ್ಪತ್ತು ಕೋಟಿ. ಈ ವಸತಿಯನ್ನು 'ಸರಕಾರ ಕೊಟ್ಟ ಮನೆ' ಎಂದು ಕರೆಯುವುದು ಸರಿಯಲ್ಲವೆಂದು ನಮಗೆ ಅನಿಸುವುದು ಇದಕ್ಕೇ.

2006ರ ಸೆಪ್ಟೆಂಬರ್ 1ರಂದು ಅಂದಿನ ಪ್ರಧಾನಿ ಡಾ. ಮನಮೋಹನ ಸಿಂಗ್ ಸೊಲ್ಲಾಪುರಕ್ಕೆ ಬಂದು ಮನೆಗಳನ್ನು ಹಸ್ತಾಂತರಿಸಿದರು.

ಹೆಸರಿನ ಬಗ್ಗೆ ಒಂದು ಮಾತು. ಗೋದಾವರಿ ಪರುಳೇಕರ್ (1907-1996) ಥಾಣೆ ಜಿಲ್ಲೆಯ ವಾರಲಿ ಆದಿವಾಸಿಗಳನ್ನು 1945ರ ನಂತರ ಜೀತದ ವಿರುದ್ಧ ಎಬ್ಬಿಸಿ ನಿಲ್ಲಿಸಿದವರು. ಆ ಅನುಭವ ಕುರಿತು ಅವರು ಬರೆದ ಮರಾಠಿ ಪುಸ್ತಕಕ್ಕೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದೆ. ಜನರಿಗೆ ಅವರು 'ಗೋದೂತಾಯಿ'. ಆದರೆ ದಿನನಿತ್ಯದ ಮಾತಿನಲ್ಲಿ ಈ ವಸತಿ 'ವಿಡಿ ಘರಕುಲ'. ಮರಾಠಿಯ 'ಘರಕುಲ' ನಮ್ಮವರ ಬಾಯಲ್ಲಿ 'ಘರಕೂಲ' ಆಗಿ ಕನ್ನಡದ್ದೇ ಆಗಿಬಿಟ್ಟಿದೆ. "ಎಲ್ಲಿಗೆ ಹೊಂಟೀರಿ?" "ಘರಕೂಲಕ್ಕ." ಬೀಡಿ ಕಾರ್ಮಿಕರಿಗಾಗಿ ಮೀನಾಕ್ಷಿ ಸಾನೆ ಅವರ ಹೆಸರಿನಲ್ಲಿ ಇನ್ನೊಂದು ಸಣ್ಣ ವಸತಿಯೂ ಆಮೇಲೆ ಆಯಿತು.

ಇವು ಮಹಡಿ ಮನೆಗಳಲ್ಲ, ಸಾಲುಮನೆಗಳು. ಸಣ್ಣ ನಿವೇಶನದ ಮೇಲೆ ಕೋಣೆ, ಅಡಿಗೆಮನೆ, ಶೌಚಾಲಯ. ಸಾಲುಮನೆಯ ದೊಡ್ಡ ಗುಣ ಅದರ ಹೊಸ್ತಿಲು. ಮಧ್ಯಾಹ್ನದ ಹೊತ್ತು ನೆರಳಿನ ಕಡೆ ನಾಲ್ಕು ಜನ ಮೊರ ಹಿಡಿದು ಕೂತರೆ ಕೆಲಸವೂ ಆಗುತ್ತದೆ, ಮಾತೂ ಆಗುತ್ತದೆ, ಆಡುವ ಮಕ್ಕಳ ಮೇಲೆ ಕಣ್ಣೂ ಇರುತ್ತದೆ. ಕೈಯಲ್ಲಿ ನಾಲ್ಕು ಕಾಸು ಸೇರಿದಾಗ ಮುಂದೆ ಒಂದು ತಗಡಿನ ಚಪ್ಪರ, ಮೇಲೆ ಒಂದು ಕೋಣೆ, ಕಿಟಕಿಯಲ್ಲಿ ಒಂದು ಕಿರಾಣಿ ಅಂಗಡಿ ಏಳಿಸಬಹುದು. ಮಗನ ಮದುವೆಯಾದರೆ ಮನೆ ಮೇಲಕ್ಕೆ ಬೆಳೆಯುತ್ತದೆ. ಬಡವರ ಮನೆ ಒಂದೇ ದಿನಕ್ಕೆ ಮುಗಿಯುವಂಥದ್ದಲ್ಲ, ಅದು ಇಪ್ಪತ್ತು ವರ್ಷ ಕಟ್ಟುತ್ತಲೇ ಇರುವಂಥದ್ದು.

ರೇ ನಗರ

ರೇ ನಗರದ ಹೆಸರು ಕೇಳಿ ಯಾರೋ ರಾಯರ ನೆನಪಿಗೆ ಇಟ್ಟದ್ದೆಂದು ತಿಳಿಯುವವರಿದ್ದಾರೆ. ಅದು ಬಂದದ್ದು 'ರಾಜೀವ್ ಆವಾಸ್ ಯೋಜನೆ'ಯ ಇಂಗ್ಲಿಷ್ ಮೊದಲಕ್ಷರಗಳಿಂದ. ಆ ಯೋಜನೆಯಡಿ ಯೋಚಿಸಿದ್ದು ಕಾರ್ಯರೂಪಕ್ಕೆ ಬರುವ ಹೊತ್ತಿಗೆ ಕೇಂದ್ರದಲ್ಲಿ ಸರಕಾರ ಬದಲಾಗಿ, 2015ರಲ್ಲಿ ಪ್ರಧಾನಮಂತ್ರಿ ಆವಾಸ್ ಯೋಜನೆ ಬಂತು. ಹಣ ಹೊಸ ಯೋಜನೆಯದು, ಹೆಸರು ಹಳೆಯದು. ಹೆಸರು ಬದಲಿಸದೆ ಉಳಿಸಿಕೊಂಡದ್ದು ಇಲ್ಲಿಯ ವಿಶೇಷ.

ಇದು ಬೀಡಿ ಕಾರ್ಮಿಕರಿಗೆ ಮಾತ್ರ ಮೀಸಲಲ್ಲ. ಕೈಮಗ್ಗ, ಪವರ್‌ಲೂಮ್ ಕೆಲಸಗಾರರು, ಬೀದಿ ವ್ಯಾಪಾರಿಗಳು, ಚಿಂದಿ ಆಯುವವರು, ಚಾಲಕರು, ಎಲ್ಲರೂ ಇದರ ಸದಸ್ಯರು. ಮುನ್ನೂರೈವತ್ತು ಎಕರೆಗೂ ಮಿಕ್ಕ ಜಾಗ. ಸಾಲುಮನೆಗಳ ಬದಲು ಮಹಡಿ ಕಟ್ಟಡಗಳು, ಒಂದೊಂದರಲ್ಲೂ ಹಲವು ಫ್ಲ್ಯಾಟುಗಳು. 2019ರ ಜನವರಿ 9ರಂದು ಪ್ರಧಾನಿ ನರೇಂದ್ರ ಮೋದಿ ಶಂಕುಸ್ಥಾಪನೆ ಮಾಡಿದರು. 2024ರ ಜನವರಿ 19ರಂದು ಅವರೇ ಬಂದು 15,000 ಮನೆಗಳನ್ನು ಹಸ್ತಾಂತರಿಸಿದರು. ಚಿಕ್ಕಂದಿನಲ್ಲಿ ತನಗೂ ಇಂಥ ಮನೆ ಇದ್ದಿದ್ದರೆ ಎಂದು ಹೇಳುವಾಗ ಅವರ ಗಂಟಲು ಕಟ್ಟಿದ್ದನ್ನು ದೇಶವೇ ಟಿವಿಯಲ್ಲಿ ನೋಡಿತು.

ಕೆಂಬಾವುಟದ ಮುಂದಾಳು ಮತ್ತು ಬಿಜೆಪಿಯ ಪ್ರಧಾನಿ ಒಂದೇ ಕಾರ್ಯದಲ್ಲಿ ಕೈಜೋಡಿಸಿದ್ದು ಎಲ್ಲರಿಗೂ ಹಿಡಿಸಲಿಲ್ಲ. 2019ರ ಸಮಾರಂಭದಲ್ಲಿ ಪ್ರಧಾನಿಯನ್ನೂ ಮುಖ್ಯಮಂತ್ರಿಯನ್ನೂ ಹೊಗಳಿದ್ದಕ್ಕೆ ಆಡಂ ಅವರನ್ನು ಅವರ ಪಕ್ಷ ಕೇಂದ್ರ ಸಮಿತಿಯಿಂದ ಮೂರು ತಿಂಗಳು ಅಮಾನತು ಮಾಡಿತು. ಮನೆ ಸಿಕ್ಕವರಿಗೆ ಅದು ಬಹಳ ದೊಡ್ಡ ಸಂಗತಿಯಾಗಿ ಕಂಡಿರಲಿಕ್ಕಿಲ್ಲ.

ಹಣದ ಲೆಕ್ಕ ಮಾತ್ರ ಈಗ ಹಿಂದಿನಷ್ಟು ಸರಳವಲ್ಲ. ಶಂಕುಸ್ಥಾಪನೆಯ ಹೊತ್ತಿನ ಅಂದಾಜು ಒಟ್ಟು 1,811 ಕೋಟಿ ರೂಪಾಯಿ. ಅದರಲ್ಲಿ ಸರಕಾರಗಳ ಸಹಾಯ 750 ಕೋಟಿ, ಅಂದರೆ ಮನೆಯೊಂದಕ್ಕೆ ಕೇಂದ್ರದ ಒಂದೂವರೆ ಲಕ್ಷ ಮತ್ತು ರಾಜ್ಯದ ಒಂದು ಲಕ್ಷ. ಉಳಿದದ್ದನ್ನು 30,000 ಮನೆಗಳಿಗೆ ಹಂಚಿದರೆ ತಲಾ ಸುಮಾರು ಮೂರೂವರೆ ಲಕ್ಷ. ಗೋದೂತಾಯಿ ವಸತಿಯಲ್ಲಿ ಕಾರ್ಮಿಕಳ ಪಾಲು ಮೂರರಲ್ಲಿ ಒಂದು. ಇಲ್ಲಿ ಅದು ಅರ್ಧಕ್ಕಿಂತ ಹೆಚ್ಚು. ಇಪ್ಪತ್ತು ಸಾವಿರವನ್ನು ಚೀಟಿ ಹಾಕಿ, ಕಿವಿಯೋಲೆ ಅಡವಿಟ್ಟು ಹೊಂದಿಸಬಹುದು. ಲಕ್ಷಗಳ ಮಾತು ಬಂದಾಗ ಬ್ಯಾಂಕು ಬೇಕು, ಬ್ಯಾಂಕಿಗೆ ಆದಾಯದ ದಾಖಲೆ ಬೇಕು. ದಿನಗೂಲಿಯವರ ಹತ್ತಿರ ಇಲ್ಲದಿರುವುದೇ ಅದು.

ಮಹಡಿ ಮನೆಯ ಬದುಕು ಬೇರೆ. ಪ್ರಧಾನಮಂತ್ರಿ ಆವಾಸ್ ಯೋಜನೆಯ ನಿಯಮದಂತೆ ಅತಿ ಬಡವರ ಮನೆಯ ಒಳವಿಸ್ತೀರ್ಣ 30 ಚದರ ಮೀಟರ್‌ವರೆಗೆ, ನಮ್ಮ ಲೆಕ್ಕದಲ್ಲಿ ಸುಮಾರು 320 ಚದರ ಅಡಿ. ಮನೆ ಹೆಣ್ಣುಮಗಳ ಹೆಸರಿನಲ್ಲಿ ಅಥವಾ ಗಂಡ-ಹೆಂಡತಿ ಇಬ್ಬರ ಹೆಸರಿನಲ್ಲಿ ಇರಬೇಕು. ಇದು ಬಹಳ ಒಳ್ಳೆಯ ನಿಯಮ. ಆದರೆ ಫ್ಲ್ಯಾಟಿಗೆ ಸ್ವಂತ ಅಂಗಳವಿಲ್ಲ, ಬೆಳೆಸುವುದಕ್ಕೂ ಬರುವುದಿಲ್ಲ. ಬೀಡಿಯ ಮೊರ ಮೆಟ್ಟಿಲು ಹತ್ತುತ್ತದೆ, ತಳ್ಳುಗಾಡಿ ಹತ್ತುವುದಿಲ್ಲ. ಚಿಂದಿ ವಿಂಗಡಿಸುವವನಿಗೆ, ಸಣ್ಣ ಮಗ್ಗ ಇಟ್ಟವನಿಗೆ ಮನೆ ಬೇರೆ, ಕೆಲಸದ ಜಾಗ ಬೇರೆ ಆಗಿಬಿಡುತ್ತದೆ. ಮೆಟ್ಟಿಲ ದೀಪ, ನೀರಿನ ಟಾಕಿ, ಪಂಪು, ಚರಂಡಿ ಎಲ್ಲವೂ ಹಲವರ ಸೊತ್ತು. ತಿಂಗಳ ಮೇಂಟೆನನ್ಸ್ ಒಬ್ಬರು ಕೊಡದಿದ್ದರೆ ಭಾರ ಪಕ್ಕದವರ ಮೇಲೆ. ಪುಣೆ-ಮುಂಬೈಯ ಸೊಸೈಟಿಗಳಲ್ಲಿ ಸಂಬಳದವರೇ ಇದಕ್ಕಾಗಿ ಜಗಳವಾಡುತ್ತಾರೆ. ದಿನಗೂಲಿಯವರ ಕಟ್ಟಡದಲ್ಲಿ ಇದು ಹೇಗೆ ನಡೆಯುತ್ತದೆಂಬುದರ ಮೇಲೆ ರೇ ನಗರದ ಮುಂದಿನ ದಿನಗಳು ನಿಂತಿವೆ. 1960ರ ಮಹಾರಾಷ್ಟ್ರ ಸಹಕಾರಿ ಸಂಘಗಳ ಕಾಯ್ದೆಯಡಿ ಸದಸ್ಯರಿಗೆ ಲೆಕ್ಕಪತ್ರ ನೋಡುವ, ವಾರ್ಷಿಕ ಸಭೆಯಲ್ಲಿ ಪ್ರಶ್ನೆ ಕೇಳುವ ಹಕ್ಕು ಇದೆ. ಅದನ್ನು ಬಳಸಬೇಕಾದರೆ ನೋಟೀಸು ಓದಲು ಬರಬೇಕು. ನೋಟೀಸು ಮರಾಠಿಯಲ್ಲಿ ಇರುತ್ತದೆ.

ದೂರವೂ ಒಂದು ಪ್ರಶ್ನೆ. ಮಗ್ಗ, ಮಂಡಿ, ಮನೆಗೆಲಸ ಎಲ್ಲ ಸೊಲ್ಲಾಪುರ ಪಟ್ಟಣದಲ್ಲಿ. ಎಲೆ ತರುವ ಶಾಖೆ ದೂರವಾದರೆ ಬೀಡಿಯ ಕೂಲಿಯಲ್ಲಿ ಆಟೋದ ಬಾಡಿಗೆ ಕಳೆಯಬೇಕು. ಅದರ ಮೇಲೆ ಬೀಡಿಯ ಉದ್ಯೋಗವೇ ಇಳಿಮುಖವಾಗಿದೆ. ಪಾಕೀಟಿನ ಮೇಲೆ 85 ಶೇಕಡಾ ಎಚ್ಚರಿಕೆ ಚಿತ್ರ, 2017ರಲ್ಲಿ 28 ಶೇಕಡಾ ಜಿಎಸ್‌ಟಿ ಬಂದವು. ತಂಬಾಕು ಕಡಿಮೆಯಾಗುವುದು ಒಳ್ಳೆಯದೇ. ಆದರೆ ಆ ಕೈಗಳಿಗೆ ಬೇರೆ ಕೆಲಸ ಎಲ್ಲಿ ಎಂಬುದಕ್ಕೆ ಇನ್ನೂ ಗಟ್ಟಿ ಉತ್ತರ ಬಂದಿಲ್ಲ.

ಕನ್ನಡದ ಸೀಮೆಯಲ್ಲಿ ನಾಲ್ಕು ನುಡಿ

ಈ ವಸತಿಗಳು ಎದ್ದ ನೆಲ ಯಾವುದು ಎಂಬುದನ್ನು ನಮ್ಮ ಓದುಗರಿಗೆ ಬೇರೆ ಹೇಳಬೇಕಾಗಿಲ್ಲ. ಸೊನ್ನಲಿಗೆಯ ಸಿದ್ಧರಾಮರ ಕೆರೆ, ವಚನಗಳ ನೆಲ ಇದು. 1974ರ ಮಂಡ್ಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿ, ಆ ಪೀಠವೇರಿದ ಮೊದಲ ಮಹಿಳೆಯಾದ ಜಯದೇವಿತಾಯಿ ಲಿಗಾಡೆ ಸೊಲ್ಲಾಪುರದವರು. 1967ರ ಮಹಾಜನ ವರದಿ ಅಕ್ಕಲಕೋಟೆಯನ್ನೂ ದಕ್ಷಿಣ ಸೊಲ್ಲಾಪುರದ ಹಳ್ಳಿಗಳನ್ನೂ ಕರ್ನಾಟಕಕ್ಕೆ ಸೇರಿಸಲು ಹೇಳಿತ್ತು. ಕುಂಭಾರಿಯ ಸುತ್ತಲಿನ ಹಳ್ಳಿಗಳಲ್ಲಿ ಹೊಲದ ಮಾತು, ಸಂತೆಯ ಮಾತು ಇಂದಿಗೂ ಕನ್ನಡವೇ.

ಘರಕುಲದೊಳಗೆ ಹೋದರೆ ಚಿತ್ರ ಬದಲಾಗುತ್ತದೆ. ಅಲ್ಲಿ ಹೆಚ್ಚು ಕೇಳುವುದು ತೆಲುಗು. ಜೊತೆಗೆ ಕನ್ನಡ, ದಖನಿ, ಮರಾಠಿ. ಒಂದೇ ಕಟ್ಟೆಯ ಮೇಲೆ ಕೂತ ನಾಲ್ವರು ಬೀಡಿ ಕಟ್ಟುತ್ತ ಮೂರು ಭಾಷೆಯಲ್ಲಿ ಮಾತಾಡುವುದು ಇಲ್ಲಿ ಸೋಜಿಗವಲ್ಲ. ತೆಲುಗು ಮನೆಗಳಲ್ಲಿ ದಸರೆಗೆ ಬತುಕಮ್ಮ, ನೂಲ ಹುಣ್ಣಿಮೆಗೆ ಪಟ್ಟಣದಲ್ಲಿ ಮಾರ್ಕಂಡೇಯ ರಥೋತ್ಸವ. ಕನ್ನಡ ಮನೆಗಳಲ್ಲಿ ಕಾರಹುಣ್ಣಿಮೆ, ನಾಗರ ಪಂಚಮಿ, ಬಸವ ಜಯಂತಿ. ಎಳ್ಳಮಾವಾಸ್ಯೆಗೆ ಮಾತ್ರ ಸ್ವಂತ ಹೊಲ ಬೇಕು. ಹೊಲವಿಲ್ಲದವರು ಬುತ್ತಿ ಕಟ್ಟಿಕೊಂಡು ಊರಿಗೆ, ಇಲ್ಲವೇ ಪರಿಚಯದವರ ಹೊಲಕ್ಕೆ ಹೋಗುತ್ತಾರೆ. ಸಂಕ್ರಾಂತಿಯ ಗಡ್ಡಾ ಜಾತ್ರೆ ಎಲ್ಲರದ್ದೂ. ಏಳು ನಂದಿಧ್ವಜಗಳು ಹೊರಟು ಸಿದ್ಧರಾಮರು ಸ್ಥಾಪಿಸಿದ 68 ಲಿಂಗಗಳಿಗೆ ಪ್ರದಕ್ಷಿಣೆ ಹಾಕುವಾಗ, ಅಕ್ಷತೆ ಬೀಳುವಾಗ, ಮನೆಮಾತು ಯಾವುದೆಂದು ಯಾರೂ ಕೇಳುವುದಿಲ್ಲ. ಶೇಂಗಾ ಚಟ್ನಿ, ಕಟಕ ರೊಟ್ಟಿಗೂ ಭಾಷೆಯಿಲ್ಲ.

ಆದ್ದರಿಂದ ಈ ವಸತಿಗಳಿಂದ ಕನ್ನಡಕ್ಕೆ ಕುತ್ತು ಬಂತು ಎನ್ನುವವರ ಮಾತನ್ನು ನಾವು ಒಪ್ಪುವುದಿಲ್ಲ. ಸೂರು ಸಿಕ್ಕ ಬಡವರು ಯಾವ ಭಾಷೆಗೂ ವೈರಿಗಳಲ್ಲ. ನಮ್ಮ ಚಿಂತೆ ಬೇರೆ, ಅದು ಶಾಲೆಯದು. ಅಕ್ಕಲಕೋಟೆ ಮತ್ತು ದಕ್ಷಿಣ ಸೊಲ್ಲಾಪುರದಲ್ಲಿ ಜಿಲ್ಲಾ ಪರಿಷತ್ತಿನ ಕನ್ನಡ ಮಾಧ್ಯಮ ಶಾಲೆಗಳು ಹಿಂದಿನಿಂದ ನಡೆದುಬಂದಿವೆ. ಕನ್ನಡ ಕುಟುಂಬ ಹಳ್ಳಿಯಿಂದಲೋ ಪಟ್ಟಣದ ಪೇಟೆಯಿಂದಲೋ ಘರಕುಲಕ್ಕೆ ಬಂದಾಗ ಮಕ್ಕಳು ಹಳೆಯ ಶಾಲೆಯ ಪಟದಿಂದ ಕಳೆದುಹೋಗುತ್ತಾರೆ. ಹೊಸ ಜಾಗದಲ್ಲಿ ಹತ್ತಾರು ಸಾಲುಗಳಲ್ಲಿ, ಕಟ್ಟಡಗಳಲ್ಲಿ ಚದುರಿ ಹೋಗುತ್ತಾರೆ. ಒಟ್ಟಿಗಿದ್ದರೆ ಒಂದು ವರ್ಗ ತುಂಬುವಷ್ಟು ಮಕ್ಕಳು, ಚದುರಿದಾಗ ಯಾರ ಲೆಕ್ಕಕ್ಕೂ ಬಾರರು.

ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣದ ಸೌಕರ್ಯ ಒದಗಿಸಬೇಕೆನ್ನುತ್ತದೆ. ಶಾಲೆಯಲ್ಲಿ 40 ಅಥವಾ ಒಂದು ವರ್ಗದಲ್ಲಿ 10 ಮಕ್ಕಳಿದ್ದರೆ ಶಿಕ್ಷಕರನ್ನು ಕೊಡಬೇಕೆಂಬ ಸೂತ್ರವನ್ನು 1949ರ ಶಿಕ್ಷಣ ಮಂತ್ರಿಗಳ ಸಮ್ಮೇಳನವೇ ಒಪ್ಪಿದೆ. ಶಿಕ್ಷಣ ಹಕ್ಕಿನ ಕಾಯ್ದೆಯಡಿ ಮಹಾರಾಷ್ಟ್ರದ ನಿಯಮದಂತೆ ಐದನೇ ಇಯತ್ತೆಯವರೆಗಿನ ಮಕ್ಕಳಿಗೆ ಒಂದು ಕಿಲೋಮೀಟರಿನೊಳಗೆ ಶಾಲೆ ಇರಬೇಕು. ಇವೆಲ್ಲ ನಮ್ಮ ಕೈಯಲ್ಲಿರುವ ಕಾಗದಗಳು. ಕಾಗದ ಕೆಲಸ ಮಾಡಬೇಕಾದರೆ ತಾಯಂದಿರ ಸಹಿ ಇರುವ ಅರ್ಜಿ ಬೇಕು, ಮಕ್ಕಳ ಹೆಸರಿನ ಯಾದಿ ಬೇಕು. ಬೀಡಿ ಕಾರ್ಮಿಕಳಿಗೆ ಮನೆ ಬಂದದ್ದೂ ಅಂಥ ಯಾದಿಯಿಂದಲೇ.

ಕನ್ನಡ ಶಾಲೆಗೆ ಹೋದರೆ ಮರಾಠಿ ಬರುವುದಿಲ್ಲ, ಮುಂದೆ ನೌಕರಿ ಸಿಗುವುದಿಲ್ಲ ಎಂಬ ಹೆದರಿಕೆ ಪಾಲಕರಲ್ಲಿದೆ. ಇದಕ್ಕೆ ನೇರವಾದ ಉತ್ತರವಿದೆ. 2020ರ ಕಾಯ್ದೆಯಿಂದ ಮಹಾರಾಷ್ಟ್ರದ ಎಲ್ಲ ಮಾಧ್ಯಮದ ಶಾಲೆಗಳಲ್ಲಿಯೂ ಮರಾಠಿ ಕಡ್ಡಾಯ ವಿಷಯ. ಕನ್ನಡ ಮಾಧ್ಯಮದ ಮಗು ಮರಾಠಿಯನ್ನೂ ಕಲಿಯುತ್ತದೆ, ಇಂಗ್ಲಿಷನ್ನೂ ಕಲಿಯುತ್ತದೆ.

ಮಹಾರಾಷ್ಟ್ರದಲ್ಲಿ ಶಾಲೆಗಳು ಜೂನ್ ತಿಂಗಳ ಮಧ್ಯದಲ್ಲಿ ಸುರುವಾಗುತ್ತವೆ. ಘರಕುಲದಲ್ಲಿ, ರೇ ನಗರದಲ್ಲಿ ಇರುವ ಕನ್ನಡ ಕುಟುಂಬಗಳು ಅದಕ್ಕೆ ಮುಂಚೆಯೇ ಆರು ವರ್ಷ ತುಂಬುವ ಮಕ್ಕಳ ಹೆಸರು, ಕಟ್ಟಡದ ಅಥವಾ ಸಾಲಿನ ನಂಬರು ಬರೆದಿಟ್ಟುಕೊಂಡು ಒಟ್ಟಾಗಿ ಅರ್ಜಿ ಕೊಡುವುದು ಒಳ್ಳೆಯದು. ಪ್ರವೇಶ ಫಾರ್ಮಿನಲ್ಲಿ 'ಮಾತೃಭಾಷಾ' ಎಂಬ ಸಾಲು ಇರುತ್ತದೆ. ಗಡಿಬಿಡಿಯಲ್ಲಿ ಗುಮಾಸ್ತರು ಅಲ್ಲಿ ಮರಾಠಿ ಎಂದು ತುಂಬಿಬಿಡುವುದುಂಟು. ಸಹಿ ಮಾಡುವ ಮುಂಚೆ ಆ ಸಾಲನ್ನು ಓದಿಸಿಕೊಳ್ಳಿರಿ.